ಮನೆಖರ್ಚಿನ ಸಮೀಕ್ಷೆ: ಎರಡು ಅಂಕಿಗಳನ್ನು ಹೋಲಿಸುವ ಮುನ್ನ

ಭಾರತದ ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ಖರ್ಚು 2011-12ರಲ್ಲಿ 1,430 ರೂಪಾಯಿ ಇತ್ತು. 2022-23ರಲ್ಲಿ ಅದು 3,773 ರೂಪಾಯಿ ಆಯಿತು. ಹಾಗಾದರೆ ಹಳ್ಳಿಯ ಜನ ಎರಡೂವರೆ ಪಟ್ಟು ಅನುಕೂಲಸ್ಥರಾದರೇ? ಇಲ್ಲ. 2011-12ರ ಬೆಲೆಯಲ್ಲೇ ಲೆಕ್ಕ ಹಾಕಿದರೆ 3,773 ರೂಪಾಯಿ 2,008ಕ್ಕೆ ಇಳಿಯುತ್ತದೆ. ಏರಿಕೆ ಸುಮಾರು ಶೇ 40 ಮಾತ್ರ.

ಆದಾಯ ಬಿಟ್ಟು ಖರ್ಚನ್ನೇಕೆ ಕೇಳುತ್ತಾರೆ?

ರೈತರು ಮತ್ತು ಕೂಲಿಕಾರರ ಆದಾಯ ತಿಂಗಳಿಂದ ತಿಂಗಳಿಗೆ ಏರುಪೇರಾಗುತ್ತದೆ. ಊಟ ಮಾತ್ರ ದಿನವೂ ಬೇಕು. ಹಾಗಾಗಿ ಜೀವನಮಟ್ಟ ಅಳೆಯಲು ಖರ್ಚು ಹೆಚ್ಚು ಅನುಕೂಲ. ಸ್ವಂತ ಹೊಲದಲ್ಲಿ ಬೆಳೆದು ತಿಂದ ರಾಗಿಗೂ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸುತ್ತಾರೆ.

ಪ್ರಶ್ನೆ ಬದಲಾದರೆ ಉತ್ತರವೂ ಬದಲು

ಕಳೆದ ವಾರ ತರಕಾರಿಗೆ ಎಷ್ಟು ಖರ್ಚಾಯಿತು ಎಂದರೆ ನೆನಪಿನಿಂದ ಹೇಳಬಹುದು. ಕಳೆದ ತಿಂಗಳಿನದು ಎಂದರೆ ಅಷ್ಟಿಷ್ಟು ಮರೆತಿರುತ್ತದೆ. 1999-2000ರ ಸಮೀಕ್ಷೆಯಲ್ಲಿ ಆಹಾರದ ಖರ್ಚನ್ನು 7 ದಿನ ಮತ್ತು 30 ದಿನ, ಎರಡೂ ಅವಧಿಗೆ ಒಂದೇ ಮನೆಯಲ್ಲಿ ಕೇಳಲಾಯಿತು. ಒಂದು ಉತ್ತರ ಇನ್ನೊಂದರ ಮೇಲೆ ಪ್ರಭಾವ ಬೀರಿತು ಎಂಬ ಆಕ್ಷೇಪ ಬಂತು. 1993-94ರಲ್ಲಿ ಶೇ 36 ಇದ್ದ ಬಡತನ ಶೇ 26.1ಕ್ಕೆ ಇಳಿಯಿತು ಎಂಬ ಅಧಿಕೃತ ಲೆಕ್ಕ ದೊಡ್ಡ ವಿವಾದವಾಯಿತು. ಇಳಿದದ್ದು ಬಡತನವೋ, ಬದಲಾದದ್ದು ಪ್ರಶ್ನೆಯೋ? ಮುಂದೆ ನೊಬೆಲ್ ಪಡೆದ ಆಂಗಸ್ ಡೀಟನ್ ಈ ಅಂಕಿಗಳನ್ನು ಸರಿಹೊಂದಿಸುವ ದಾರಿ ಹುಡುಕಿದರು.

2022-23ರಲ್ಲೂ ವಿಧಾನ ಬದಲಾಯಿತು. ಒಂದೇ ಭೇಟಿಯಲ್ಲಿ ಉದ್ದದ ಪಟ್ಟಿ ತುಂಬಿಸಿಕೊಳ್ಳುವ ಬದಲು ಆಹಾರ, ದಿನಬಳಕೆಯ ವಸ್ತು ಮತ್ತು ಸೇವೆ, ಬಾಳಿಕೆ ಬರುವ ಸಾಮಾನು ಎಂದು ಮೂರು ಪಾಲು ಮಾಡಿ ಮೂರು ಬಾರಿ ಮನೆಗೆ ಹೋದರು. ದಣಿವು ಕಡಿಮೆಯಾದಾಗ ಜನ ಹೆಚ್ಚು ಖರ್ಚು ನೆನಪಿಸಿಕೊಳ್ಳಬಹುದು. ಆದ್ದರಿಂದ ಮೇಲಿನ ಶೇ 40ರಲ್ಲೂ ಸ್ವಲ್ಪ ಪಾಲು ವಿಧಾನದ್ದಿರಬಹುದು. ನಡುವೆ ಹೋಲಿಸಲು ಇನ್ನೊಂದು ಅಧಿಕೃತ ಅಂಕಿಯೂ ಇಲ್ಲ: 2017-18ರ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ನೀಡಿ ಸರ್ಕಾರ ಬಿಡುಗಡೆ ಮಾಡಲಿಲ್ಲ.

ಸರಾಸರಿಯ ಹಿಂದೆ

2022-23ರಲ್ಲಿ ಹಳ್ಳಿಗಳ ಅತಿ ಕಡಿಮೆ ಖರ್ಚಿನ ಶೇ 5 ಜನರ ಸರಾಸರಿ 1,373 ರೂಪಾಯಿ. ಅತಿ ಹೆಚ್ಚಿನ ಶೇ 5ರದ್ದು 10,501. ಬಡತನ ರೇಖೆಯ ಚರ್ಚೆಗೂ ಬೆಲೆ ಸೂಚ್ಯಂಕದಲ್ಲಿ ಯಾವ ವಸ್ತುವಿಗೆ ಎಷ್ಟು ತೂಕ ಎಂಬ ತೀರ್ಮಾನಕ್ಕೂ ಇವೇ ಸಮೀಕ್ಷೆಗಳು ಆಧಾರ. ‘ಖರ್ಚು ಇಷ್ಟು ಪಟ್ಟು ಏರಿತು’ ಎಂಬ ಶೀರ್ಷಿಕೆ ಕಂಡಾಗ ಮೂರು ವಿಷಯ ನೋಡಿ: ಬೆಲೆಯೇರಿಕೆ ಕಳೆದಿದ್ದಾರೆಯೇ, ಎರಡೂ ಸಲ ಒಂದೇ ರೀತಿ ಕೇಳಿದ್ದಾರೆಯೇ, ಸರಾಸರಿಯ ಕೆಳಗಿರುವವರ ಲೆಕ್ಕ ಕೊಟ್ಟಿದ್ದಾರೆಯೇ?