ಜೈಲಿನೊಳಗಿನ ಓದು ಗಡಿ ಕನ್ನಡಿಗನಿಗೂ ಸಿಗಲಿ

‘ಹೊರಗಿರೋ ಬಡ ಮಕ್ಕಳಿಗೇ ಕಾಲೇಜ್ ಸೀಟಿಲ್ಲ, ಜೈಲಲ್ಲಿರೋರಿಗೆ ಬಿಟ್ಟಿ ಡಿಗ್ರಿ ಯಾಕೆ?’ ಕೈದಿಗಳ ಶಿಕ್ಷಣದ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಇದು. ಪ್ರಶ್ನೆ ಸಹಜವೇ. ಆದರೆ ಲೆಕ್ಕ ಬೇರೆ ಇದೆ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) ದೆಹಲಿಯ ತಿಹಾರ್ ಜೈಲಿನಲ್ಲಿ ಅಧ್ಯಯನ ಕೇಂದ್ರ ತೆರೆದದ್ದು 1994ರಲ್ಲಿ. ಕೈದಿಗಳಿಗೆ ಅಲ್ಲಿ ಶುಲ್ಕ ಮಾಫಿ. ಇದು ದೂರಶಿಕ್ಷಣವಾದ್ದರಿಂದ ಹೊರಗಿನ ಯಾರ ಸೀಟೂ ತಪ್ಪುವುದಿಲ್ಲ. 2023ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಇಬ್ಬರು ಜೀವಾವಧಿ ಕೈದಿಗಳಿಗೆ ಜೈಲಿನಿಂದಲೇ ಆನ್‌ಲೈನ್ ಮೂಲಕ ಎಲ್‌ಎಲ್‌ಬಿ ಓದಲು ಅವಕಾಶ ನೀಡಿತು. ಬಂಧನದಲ್ಲಿದ್ದ ಮಾತ್ರಕ್ಕೆ ಓದುವ ಹಕ್ಕು ಹೋಗುವುದಿಲ್ಲ ಎಂಬುದು ಅದರ ಸಾರ.

ಇನ್ನೊಂದು ಮಾತು. ಜೈಲಿನಲ್ಲಿರುವವರೆಲ್ಲ ಅಪರಾಧಿಗಳಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಕೇಸು ಇನ್ನೂ ತೀರ್ಮಾನವಾಗಿರಲಿಲ್ಲ. ಅಧ್ಯಯನ ಕೇಂದ್ರ ಎಂದಾಗ ಕಣ್ಣೂರು, ಪೂಜಪ್ಪುರದಂಥ ಸೆಂಟ್ರಲ್ ಜೈಲುಗಳ ಹೆಸರೇ ಮೊದಲು ಬರುತ್ತದೆ. ಮಾನಂತವಾಡಿ ಜಿಲ್ಲಾ ಜೈಲು, ವೈತ್ತಿರಿ ಸಬ್ ಜೈಲಿನಲ್ಲಿ ತೀರ್ಪಿಗೆ ಕಾಯುವ ಹುಡುಗನ ಗತಿಯೇನು? ಇವತ್ತು ಜಾಮೀನು, ನಾಳೆ ಬಿಡುಗಡೆ ಅಂತ ವರ್ಷ ಕಳೆದುಹೋಗುತ್ತದೆ. ಇಗ್ನೊ ಬಿಎ ಮುಗಿಸಲು ಆರು ವರ್ಷದವರೆಗೆ ಅವಕಾಶವಿದೆ. ಒಳಗೆ ಶುರು ಮಾಡಿದ ಓದನ್ನು ಹೊರಗೆ ಬಂದು ಮುಗಿಸಬಹುದು.

ಗಡಿನಾಡ ಕನ್ನಡಿಗನಿಗೆ ಭಾಷೆಯ ತೊಡಕೂ ಇದೆ. ಬಾವಲಿ, ತೋಲ್ಪೆಟ್ಟಿ ದಾಟಿ ಬರುವ ಕೂಲಿಯವರೇ ಇರಲಿ, ವಯನಾಡಿನಲ್ಲೇ ತಲೆಮಾರುಗಳಿಂದ ಇರುವ ಕನ್ನಡ ಮನೆಯವರೇ ಇರಲಿ, ಇಗ್ನೊ ಪದವಿ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲೇ. ಕನ್ನಡದಲ್ಲಿ ಪಾಠ ಹೇಳುವ ಮುಕ್ತ ವಿಶ್ವವಿದ್ಯಾಲಯ ಪಕ್ಕದ ಮೈಸೂರಿನಲ್ಲೇ ಇದ್ದರೂ ನಿಯಮದ ಪ್ರಕಾರ ಅದರ ವ್ಯಾಪ್ತಿ ಕರ್ನಾಟಕದ ಗಡಿಗೇ ಮುಗಿಯುತ್ತದೆ!

ದಾರಿ ಇಲ್ಲವೆಂದಲ್ಲ. ಮಾನಂತವಾಡಿ ತಾಲೂಕು ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಕನ್ನಡ ಎಂಎ ಕಲಿಸುವ ಕಾಸರಗೋಡು ಸರ್ಕಾರಿ ಕಾಲೇಜು ಕೂಡ ಅದರದ್ದೇ. ಅಲ್ಲಿನ ಕನ್ನಡ ಅಧ್ಯಾಪಕರು ತಿಂಗಳಿಗೊಮ್ಮೆ ಬಂದು ಪಾಠ ಬಿಡಿಸಿ ಹೇಳುವ ವ್ಯವಸ್ಥೆ ಆದರೆ, ಜೈಲಿನ ಲೈಬ್ರರಿಯಲ್ಲಿ ಒಂದು ಕಪಾಟು ಕನ್ನಡ ಪುಸ್ತಕ ಇಟ್ಟರೆ ದೊಡ್ಡ ಖರ್ಚೇನೂ ಬರದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಗಡಿ ಜಿಲ್ಲೆಗಳ ಕೈದಿಗಳ ಮಟ್ಟಿಗಾದರೂ ವಿನಾಯಿತಿ ಕೊಡಿಸಲು ಎರಡೂ ಸರ್ಕಾರಗಳು ಯುಜಿಸಿ ಜತೆ ಮಾತಾಡಬೇಕು.

ಮನೆಯವರ ಕೆಲಸವೂ ಒಂದಿದೆ. ಮಗ ಜೈಲು ಸೇರಿದರೆ ಮರ್ಯಾದೆಗೆ ಅಂಜಿ ಅವನ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಪೆಟ್ಟಿಗೆಯಲ್ಲೇ ಇಟ್ಟುಬಿಡುತ್ತಾರೆ. ಆ ಕಾಗದವಿಲ್ಲದೆ ಪ್ರವೇಶ ಕಷ್ಟ. ವಕೀಲರ ಫೀಸಿಗೆ ಸಾಲಸೋಲ ಮಾಡಿ ದುಡ್ಡು ಹೊಂದಿಸ್ತೀವಿ. ಮುಂದಿನ ಸಲ ನೋಡಲು ಹೋಗುವಾಗ ಮಾರ್ಕ್ಸ್ ಕಾರ್ಡಿನ ಪ್ರತಿಯೊಂದನ್ನೂ ಒಯ್ದು, ಜೈಲಿನ ವೆಲ್ಫೇರ್ ಆಫೀಸರನ್ನು ಕೇಳಿ. ಅವನು ಹೇಗೂ ಒಂದು ದಿನ ನಮ್ಮ ಓಣಿಗೇ ವಾಪಸ್ ಬರೋನು. ಬರುವಾಗ ಕೈಯಲ್ಲಿ ಏನಾದರೂ ಇರಲಿ.