ಬೊಂಬೆಯ ಮೊಲವೂ ಜೀವದ ಮೊಲವೂ



ಕಳೆದ ವರುಷ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬರು ನಮ್ಮನ್ನು ಕಾಣಲು ಬಂದು, ಶಾಲೆಗೆ ಸೇರಿದ ಶಿಶುವರ್ಗದ ಮಕ್ಕಳಿಗಾಗಿ ಒಂದು ಜೊತೆ ಬಿಳಿಯ ಮೊಲಗಳನ್ನೂ ಅವುಗಳಿಗೊಂದು ಮರದ ಗೂಡನ್ನೂ ಕೊಡುವದಾಗಿ ಬಹು ಪ್ರೀತಿಯಿಂದ ಹೇಳಿದರು. ನಾವು ಅದನ್ನು ಸ್ವೀಕರಿಸಲಿಲ್ಲ. ಈ ಸಂಗತಿಯು ಹಲವರ ಬಾಯಿಗೆ ಬಿದ್ದು, ಮುಖ್ಯೋಪಾಧ್ಯಾಯಿನಿಯವರಿಗೆ ಪ್ರಾಣಿಗಳನ್ನು ಕಂಡರೆ ಆಗದು ಎಂಬಷ್ಟರ ಮಟ್ಟಿಗೆ ಬೆಳೆದು ನಮ್ಮ ಕಿವಿಗೇ ಮರಳಿ ಬಂದಿರುವದರಿಂದ, ನಮ್ಮ ಕಾರಣಗಳನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆದಿಡುವದು ಯುಕ್ತವೆಂದು ತೋರಿತು.

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ನಾವು ತರಬೇತಿ ಮುಗಿಸಿ ಬೇರೊಂದು ಊರಿನ ಶಾಲೆಯಲ್ಲಿ ಚಿಕ್ಕಮಕ್ಕಳ ವರ್ಗವನ್ನು ನೋಡಿಕೊಳ್ಳುತ್ತಿದ್ದಾಗ, ಸಂತೆಯಿಂದ ಎರಡು ಮೊಲದ ಮರಿಗಳನ್ನು ತರಿಸಿ ವರ್ಗದಲ್ಲಿ ಇರಿಸಿದೆವು. ಮಕ್ಕಳ ಸಂತೋಷಕ್ಕೆ ಪಾರವೇ ಇರಲಿಲ್ಲ. ಒಂದು ಮಧ್ಯಾಹ್ನ ಆರು ವರುಷದ ಹುಡುಗಿಯೊಬ್ಬಳು ಅವುಗಳಲ್ಲಿ ಒಂದನ್ನು ಬೊಂಬೆಯ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಮೇಲೊಂದು ಕರವಸ್ತ್ರ ಹೊದಿಸಿ, ಜೋಗುಳ ಹಾಡುತ್ತಿದ್ದಳು. ಮೊಲವು ಕಾಲುಗಳನ್ನು ಮೇಲಕ್ಕೆ ಮಾಡಿಕೊಂಡು ಮಿಸುಕದೆ ಬಿದ್ದಿತ್ತು. "ಟೀಚರಮ್ಮಾ, ಗದ್ದಲ ಮಾಡಬೇಡಿ, ಪಾಪ ನಿದ್ದೆ ಹೋಗಿದೆ" ಎಂದು ಅವಳು ನಮಗೆ ಬುದ್ಧಿ ಹೇಳಿದಳು. ನಾವೂ ನಕ್ಕು, ಇತರ ಉಪಾಧ್ಯಾಯಿನಿಯರನ್ನು ಕರೆದು ತೋರಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಅವಳು ಅದನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳಲು ಹೋದಾಗ ಅದು ಹಿಂಗಾಲುಗಳಿಂದ ಬಲವಾಗಿ ಒದ್ದು ನೆಲಕ್ಕೆ ಬಿತ್ತು. ಆ ಬಳಿಕ ಅದರ ಹಿಂಗಾಲುಗಳು ಅಲುಗಾಡಲಿಲ್ಲ. ದನದ ಡಾಕ್ಟರರು ಬಂದು ಮುಟ್ಟಿ ನೋಡಿ, ಬೆನ್ನೆಲುಬು ಮುರಿದಿದೆಯೆಂದರು. ಮೂರನೆಯ ದಿನ ಅದು ಸತ್ತಿತು. ಆ ಮಗು ಒಂದು ವಾರ ಶಾಲೆಗೆ ಬರಲಿಲ್ಲ.

ಮಗುವಿನದು ಏನು ತಪ್ಪು? ಬೊಂಬೆಯೊಡನೆ ಹೇಗೆ ಆಡಬೇಕೆಂದು ನಾವು ಕಲಿಸಿದ್ದೆವೋ ಹಾಗೆಯೇ ಅವಳು ಮೊಲದೊಡನೆ ಆಡಿದಳು. ಅಂಗಾತ ಮಲಗಿಸಿದ ಮೊಲವು ಮಿಸುಕದಿರುವದು ನಿದ್ದೆಯಿಂದಲ್ಲ, ಪ್ರಾಣಭಯದಿಂದ. ಬೇಟೆಗಾರ ಮೃಗದ ಬಾಯಿಗೆ ಸಿಕ್ಕಿದಾಗ ಸತ್ತಂತೆ ಬಿದ್ದಿರುವದು ಅದರ ಹುಟ್ಟುಗುಣ. ಇದನ್ನು ನಾವು ಆ ಮೇಲೆ ಪುಸ್ತಕಗಳಿಂದ ತಿಳಿದೆವು. ಮೊದಲೇ ತಿಳಿದಿರಬೇಕಾಗಿತ್ತು.

ಮಕ್ಕಳಿಗೆ ಮೊಲವು ಮೊದಲು ಪರಿಚಯವಾಗುವದು ಬೊಂಬೆಯಾಗಿ. ಚನ್ನಪಟ್ಟಣದ ಕುಶಲಿಗರು ಆಲೆಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟು ಮಾಡುವ ಉರುಳುಬೊಂಬೆಯಾಗಲಿ, ಪೇಟೆಯಲ್ಲಿ ದೊರೆಯುವ ಹತ್ತಿ ತುಂಬಿದ ತುಪ್ಪುಳಿನ ಮೊಲವಾಗಲಿ, ಒತ್ತಿದರೆ ಕೀಚೆನ್ನುವ ರಬ್ಬರಿನ ಮೊಲವಾಗಲಿ, ಎಲ್ಲವೂ ಅಪ್ಪಿಕೊಳ್ಳುವದಕ್ಕೂ ಎಳೆದಾಡುವದಕ್ಕೂ ಆದವುಗಳು. ಜೀವದ ಮೊಲಕ್ಕೆ ಎತ್ತಿಕೊಳ್ಳುವದೇ ಆಗದು. ಅದರ ಎಲುಬುಗಳೆಲ್ಲ ಸೇರಿ ಮೈತೂಕದಲ್ಲಿ ನೂರಕ್ಕೆ ಸುಮಾರು 7-8 ಪಾಲು ಮಾತ್ರ. ಬೆಕ್ಕಿಗೆ ಇದು 12-13 ಪಾಲು. ಅಷ್ಟು ಹಗುರವಾದ ಎಲುಬಿನ ಮೇಲೆ ಅಷ್ಟು ಬಲವಾದ ಹಿಂಗಾಲುಗಳ ಸ್ನಾಯುಗಳಿರುವದರಿಂದ, ಹೆದರಿ ಒದ್ದ ಒದೆತಕ್ಕೆ ತನ್ನ ಬೆನ್ನನ್ನೇ ತಾನು ಮುರಿದುಕೊಳ್ಳಬಲ್ಲದು.

ಇಲ್ಲಿ ಮಾರ್ಜರಿ ವಿಲಿಯಮ್ಸ್ ಎಂಬವರು 1922ರಲ್ಲಿ ಬರೆದ 'ವೆಲ್ವೆಟೀನ್ ರ್‍ಯಾಬಿಟ್' ಎಂಬ ಮಕ್ಕಳ ಕಥೆಯು ನೆನಪಾಗುತ್ತದೆ. ಅದರಲ್ಲಿ ಬಟ್ಟೆಯ ಮೊಲಕ್ಕೆ ಕಾಡಿನ ಮೊಲಗಳು ಎದುರಾಗುತ್ತವೆ. ಬಟ್ಟೆಯದಕ್ಕೆ ಹಿಂಗಾಲುಗಳೇ ಇಲ್ಲವೆಂದು ಅವು ಕಂಡುಹಿಡಿಯುತ್ತವೆ. ಆ ಗ್ರಂಥಕರ್ತೆಯು ಬೊಂಬೆಗೂ ಪ್ರಾಣಿಗೂ ಇರುವ ಅಂತರವನ್ನು ಸರಿಯಾದ ಸ್ಥಳದಲ್ಲಿಯೇ ತೋರಿಸಿದ್ದಾರೆ. ನಾವು ಮಕ್ಕಳಿಗೆ ಕೊಡುವ ಮೊಲಗಳಲ್ಲಿ ಹೆಚ್ಚಿನವು ಇಂದಿಗೂ ಹಿಂಗಾಲಿಲ್ಲದವುಗಳೇ.

ಇನ್ನು ಆಹಾರದ ಮಾತು. ಬೊಂಬೆಯ ಮೊಲದ ಕೈಯಲ್ಲಿ ಒಂದು ಗಜ್ಜರಿ ತಪ್ಪದೆ ಇರುತ್ತದೆ. ಈ ನಂಬಿಕೆಯನ್ನು ಲೋಕದಲ್ಲೆಲ್ಲ ಹರಡಿದ್ದು 1940ರಲ್ಲಿ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡ ಬಗ್ಸ್ ಬನ್ನಿ ಎಂಬ ವಿನೋದದ ಮೊಲ. ಅದು ಗಜ್ಜರಿ ಕಡಿಯುತ್ತ ಮಾತನಾಡುವ ಠೀವಿಯು 1934ರ ಒಂದು ಚಿತ್ರದಲ್ಲಿ ಕ್ಲಾರ್ಕ್ ಗೇಬಲ್ ಎಂಬ ನಟನು ಗಜ್ಜರಿ ತಿನ್ನುತ್ತ ಮಾತನಾಡಿದ ರೀತಿಯ ಅನುಕರಣವಾಗಿತ್ತೇ ಹೊರತು ಪ್ರಾಣಿಶಾಸ್ತ್ರವಾಗಿರಲಿಲ್ಲ. ನಟನೊಬ್ಬನ ಅಭ್ಯಾಸವು ಮೊಲದ ಪಥ್ಯವಾದ ಸೋಜಿಗವನ್ನು ನೋಡಿರಿ! ಗಜ್ಜರಿಯಲ್ಲಿ ಸಕ್ಕರೆಯ ಅಂಶ ಹೆಚ್ಚು. ಅದು ಆಗಾಗ ಕೊಡುವ ಒಂದು ತುಣುಕಾಗಿರಬೇಕೇ ವಿನಾ ಊಟವಾಗಬಾರದು. ಮೊಲದ ನಿಜವಾದ ಊಟವು ಹುಲ್ಲು. ಒಣಹುಲ್ಲಾಗಲಿ, ಗರಿಕೆಯಂಥ ಹಸಿಹುಲ್ಲಾಗಲಿ, ಹಗಲಿರುಳು ಅದರ ಮುಂದೆ ಇರಬೇಕು. ಅದರ ಹಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅರೆದರೆ ಮಾತ್ರ ಸವೆಯುತ್ತವೆ. ಸವೆಯದಿದ್ದರೆ ನಾಲಿಗೆಯನ್ನೂ ಕೆನ್ನೆಯನ್ನೂ ಚುಚ್ಚಿ ಹುಣ್ಣುಮಾಡುತ್ತವೆ. ಹುಲ್ಲಿನ ನಾರಿಲ್ಲದಿದ್ದರೆ ಕರುಳಿನ ಚಲನೆಯೂ ನಿಲ್ಲುತ್ತದೆ. ಅರ್ಧ ದಿನ ಏನೂ ತಿನ್ನದೆ ಮೂಲೆಯಲ್ಲಿ ಕುಳಿತ ಮೊಲವನ್ನು ಮುನಿಸಿಕೊಂಡಿದೆಯೆಂದು ಬಿಟ್ಟುಬಿಡಬಾರದು; ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಬೊಂಬೆಯು ಕಲಿಸುವ ಬೇರೆ ತಪ್ಪುಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಕೊಳೆಯಾದ ಬೊಂಬೆಯನ್ನು ತೊಳೆದು ಹಿಂಡಿ ಬಿಸಿಲಿಗೆ ಹಾಕುತ್ತೇವೆ. ಮೊಲವನ್ನು ನೀರಿಗೆ ಇಳಿಸಿದರೆ ಹೆದರಿಕೆಯಿಂದಲೂ ಚಳಿಯಿಂದಲೂ ಸಾಯಬಹುದು, ಬಿಸಿಲಿಗಿಟ್ಟರೆ ಅದಕ್ಕಿಂತ ಬೇಗ. ಬೊಂಬೆಯ ಗೂಡು ಮೊಲದಷ್ಟೇ ದೊಡ್ಡದು. ಬ್ರಿಟನ್ನಿನಲ್ಲಿ ಮೊಲಗಳ ಹಿತಕ್ಕಾಗಿ ಇರುವ ಸಂಸ್ಥೆಯವರು ಒಂದು ಜೊತೆಗೆ ಕಡಮೆಯೆಂದರೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ ಸ್ಥಳ ಬೇಕೆನ್ನುತ್ತಾರೆ. ಬೊಂಬೆಯು ಮಗುವಿನೊಡನೆ ಎರಡು ವರುಷ ಇದ್ದರೆ ಹೆಚ್ಚು. ಚೆನ್ನಾಗಿ ಸಾಕಿದ ಮೊಲವು 8ರಿಂದ 12 ವರುಷ ಬದುಕುತ್ತದೆ. ಒಂದನೆಯ ತರಗತಿಯ ಹುಡುಗಿಯು ಪಡೆದ ಮೊಲಕ್ಕೆ ಅವಳು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಾಗಲೂ ಹುಲ್ಲು ಹಾಕಬೇಕು, ಕಸ ತೆಗೆಯಬೇಕು. ಹೆಣ್ಣೂ ಗಂಡೂ ಕೂಡಿದ್ದರೆ ತಿಂಗಳಿಗೊಂದು ಸೂಲು ಆಗಬಲ್ಲದೆಂಬದನ್ನು ಬೊಂಬೆಯಂಗಡಿಯವರು ಹೇಳುವದಿಲ್ಲ!

ಈಸ್ಟರ್ ಹಬ್ಬದ ಶುಭಾಶಯದ ಕಾಗದಗಳಲ್ಲಿಯೂ ಮೊಲವಿರುತ್ತದೆ. ಆ ಪದ್ಧತಿಯು ಜರ್ಮನ್ ದೇಶದ್ದು. 1682ರ ಒಂದು ಬರವಣಿಗೆಯಲ್ಲಿಯೇ ಮೊಟ್ಟೆ ತರುವ ಮೊಲದ ಉಲ್ಲೇಖವಿದೆ. ಪಶ್ಚಿಮ ದೇಶಗಳಲ್ಲಿ ಆ ಹಬ್ಬಕ್ಕೆ ಮಕ್ಕಳಿಗೆ ಮರಿಗಳನ್ನು ಕೊಳ್ಳುವದೂ, ಕೆಲವು ತಿಂಗಳು ಕಳೆದ ಮೇಲೆ ಅವುಗಳನ್ನು ಅನಾಥಪ್ರಾಣಿಗಳ ಆಶ್ರಯಗಳಿಗೆ ಬಿಟ್ಟುಬರುವದೂ ಅಲ್ಲಿಯವರಿಗೆ ಚಿಂತೆಯ ವಿಷಯವಾಗಿದೆ. ನಮ್ಮಲ್ಲಿ ಹುಟ್ಟುಹಬ್ಬದ ಉಡುಗೊರೆಯಾಗಿ ಇದೇ ನಡೆಯುತ್ತಿದೆ.

ಬೊಂಬೆಗಳನ್ನು ಮನೆಯಿಂದ ಹೊರಗೆ ಹಾಕಿರೆಂದು ನಾವು ಹೇಳುತ್ತಿಲ್ಲ. ಬೀಟ್ರಿಕ್ಸ್ ಪಾಟರ್ ಎಂಬ ಆಂಗ್ಲ ಮಹಿಳೆಯು ಪೀಟರ್ ಎಂಬ ಮೊಲದ ಕಥೆಯನ್ನು 1902ರಲ್ಲಿ ಪ್ರಕಟಿಸಿ, ಮರುವರುಷವೇ ಆ ಮೊಲದ ಬೊಂಬೆಯನ್ನು ತಾನೇ ಹೊಲಿದು ಅದರ ಹಕ್ಕನ್ನು ನೋಂದಾಯಿಸಿದಳು. ಆಕೆ ಮೊದಲು ಜೀವದ ಮೊಲಗಳನ್ನು ಸಾಕಿ, ವರುಷಗಟ್ಟಲೆ ನೋಡಿ ಚಿತ್ರ ಬರೆದವಳು. ಬೊಂಬೆ ಬಂದದ್ದು ಆಮೇಲೆ. ನಮ್ಮ ಮಕ್ಕಳಿಗೆ ಈ ಕ್ರಮವು ತಲೆಕೆಳಗಾಗಿದೆ.

ಪ್ರಾಣಿಗಳನ್ನು ಸಾಕುವದರಿಂದ ಮಕ್ಕಳಲ್ಲಿ ಕರುಣೆ ಬೆಳೆಯುವದೆಂದು ನಮ್ಮ ಸಹೋಪಾಧ್ಯಾಯಿನಿಯರಲ್ಲಿ ಇಬ್ಬರು ವಾದಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ನಾವು ಹಟಮಾಡುವದಿಲ್ಲ. ಅವರ ಮಾತಿನಲ್ಲಿ ನಿಜವಿದೆ. ಆದರೆ ಮನೆಯಲ್ಲಿ ಮೊಲದ ಒಡತಿಯು ತಾಯಿಯಾಗಲಿ ಅಜ್ಜಿಯಾಗಲಿ ಆಗಿದ್ದು, ಮಗುವು ಅವಳ ಕೈಕೆಳಗಿನ ಸಹಾಯಕಳಾಗಿದ್ದರೆ ಮಾತ್ರ ಅದು ಸಾಧ್ಯ. ನಲವತ್ತು ಮಕ್ಕಳ ಗದ್ದಲದಲ್ಲಿ, ಬೇಸಿಗೆಯ ರಜದಲ್ಲಿ ಎರಡು ತಿಂಗಳು ಬೀಗ ಬೀಳುವ ಕಟ್ಟಡದಲ್ಲಿ, ಬೆವರಲಾರದ ಆ ಪ್ರಾಣಿಯನ್ನು ಯಾರು ನೋಡಿಕೊಳ್ಳುವರು? ಜವಾನನೇ? ಅವನನ್ನು ಯಾರೂ ಕೇಳಿಯೇ ಇರಲಿಲ್ಲ.

ಆ ಹಳೆಯ ವಿದ್ಯಾರ್ಥಿನಿಯವರಿಗೆ ನಾವು ಇದನ್ನೆಲ್ಲ ಪತ್ರ ಮುಖಾಂತರ ತಿಳಿಸಿದೆವು. ಅವರು ಬೇಸರಪಡದೆ, ಮೊಲಗಳನ್ನು ತಮ್ಮ ಹಿತ್ತಲಲ್ಲಿಯೇ ಇಟ್ಟುಕೊಂಡು, ಒಂದು ಶನಿವಾರ ಹತ್ತು ಮಕ್ಕಳನ್ನು ಕಳುಹಿಸುವಂತೆ ಬರೆದರು. ಮಕ್ಕಳು ಚಾಪೆಯ ಮೇಲೆ ಕೈಕಟ್ಟಿ ಕುಳಿತರು. ಅರ್ಧ ಗಂಟೆಯವರೆಗೆ ಏನೂ ನಡೆಯಲಿಲ್ಲ, ಇಬ್ಬರು ಆಕಳಿಸಿದರು. ಬಳಿಕ ಗಂಡು ಮೊಲವು ತಾನಾಗಿ ಹೊರಬಂದು, ಒಬ್ಬಳ ಲಂಗದ ಅಂಚನ್ನು ಮೂಸಿ, ಎರಡು ಎಳೆ ಹುಲ್ಲು ತಿಂದು ಹಿಂದಕ್ಕೆ ಹೋಯಿತು. ಎತ್ತಿಕೊಳ್ಳಲೇ ಎಂದು ಯಾರೂ ಕೇಳಲಿಲ್ಲ. ಮುಂದಿನ ತಿಂಗಳು ಬೇರೆ ಹತ್ತು ಮಂದಿ ಹೋಗಲಿದ್ದಾರೆ. ಹೆಸರು ಕೊಟ್ಟವರು ಆಗಲೇ ಇಪ್ಪತ್ತಮೂರು.