ಸಕ್ಕರೆ ಏರಿಸುವ ಔಷಧವೂ ರಕ್ತಪರೀಕ್ಷೆಯ ಚೀಟಿಯೂ

ಸಕ್ಕರೆ ಕಾಯಿಲೆಯೆಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚುವುದೆಂದೇ ನಮ್ಮ ಜನರ ತಿಳಿವಳಿಕೆ. ಅದು ತಗ್ಗುವುದೂ ಪ್ರಾಣಾಂತಿಕವಾಗಬಲ್ಲುದು. ಮಧುಮೇಹದ ಗುಳಿಗೆ ನುಂಗಿ, ಗಿರಾಕಿಗಳ ನೂಕುನುಗ್ಗಲಿನಲ್ಲಿ ಊಟ ತಪ್ಪಿದ ಮಾಣಿಗೆ ತಲೆ ಸುತ್ತಿದರೆ ಸಾಮಾನ್ಯವಾಗಿ ಸಕ್ಕರೆ ನೀರು ಸಾಕಾದೀತು. ಆದರೆ ಕೆಲವು ಹಸುಗೂಸುಗಳಲ್ಲಿ ಮೇದೋಜೀರಕ ಗ್ರಂಥಿಯು ಅಳತೆ ಮೀರಿ ಇನ್ಸುಲಿನ್ ಸುರಿಸುತ್ತದೆ. ಹಾಲೂಡಿಸಿದ ಮಾತ್ರಕ್ಕೆ ಅವುಗಳ ಸಕ್ಕರೆ ನಿಲ್ಲದು. ಇಂಥವಕ್ಕೆ ವೈದ್ಯರು 1960ರ ದಶಕದಿಂದಲೂ ಡಯಜಾಕ್ಸೈಡ್ ಕೊಡುತ್ತ ಬಂದಿದ್ದಾರೆ. ಇನ್ಸುಲಿನ್ನಿಗೆ ಕಡಿವಾಣ ಹಾಕುವ ಈ ಔಷಧವು ಎಷ್ಟೋ ಕೂಸುಗಳ ಮಿದುಳನ್ನು ಕಾಪಾಡಿದೆ.

ಅದೇ ಔಷಧವು ಅಪರೂಪಕ್ಕೆ ರಕ್ತಕಣಗಳನ್ನು ಕುಗ್ಗಿಸುವುದೂ ಉಂಟು. ಬಿಳಿ ಕಣಗಳ ಇಳಿತವು ಬಹುಮಟ್ಟಿಗೆ ತಾತ್ಕಾಲಿಕ. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ತೀರ ಇಳಿದರೆ ಔಷಧವನ್ನೇ ನಿಲ್ಲಿಸಬೇಕಾದೀತು. ಆಗ ಚರ್ಮದಡಿಯಲ್ಲಿ ಕೆಂಪು ಚುಕ್ಕೆಗಳೂ ಪೆಟ್ಟಿಲ್ಲದೆ ನೀಲಿ ಕಲೆಗಳೂ ಮೂಡುತ್ತವೆ. ಮೂಗಿನಲ್ಲಿ, ಒಸಡಿನಲ್ಲಿ ರಕ್ತ ಒಸರುತ್ತದೆ. ಚಾಳಿನ ಕೋಣೆಯಲ್ಲಿ ಬಾಳುವವರು ಚುಕ್ಕೆಗಳನ್ನು ತಿಗಣೆಯ ಕಡಿತವೆಂದು ಬಗೆದರೆ ಆಶ್ಚರ್ಯವಿಲ್ಲ. (ತಿಗಣೆಗಳ ಅಪರಾಧಗಳು ಹಾಗೂ ಸಾಕಷ್ಟಿವೆ!) ರಕ್ತ ಸೋರಿದ ಚುಕ್ಕೆಯು ಬೆರಳಿನಿಂದ ಒತ್ತಿದರೆ ಮಾಸದು. ಅದನ್ನು ಕಂಡ ದಿನವೇ ವೈದ್ಯರ ಬಳಿಗೆ ಹೋಗತಕ್ಕದ್ದು. ಭಯಪಟ್ಟು ಮನೆಯಲ್ಲೇ ಔಷಧ ನಿಲ್ಲಿಸಿದರೆ ಸಕ್ಕರೆ ಕುಸಿದು ಫಿಟ್ಸ್ ಬರಬಹುದು. ಮಿದುಳಿಗೂ ಶಾಶ್ವತ ಹಾನಿ ತಟ್ಟಬಹುದು.

ಆದ್ದರಿಂದಲೇ ಆಗಾಗ್ಗೆ ರಕ್ತಪರೀಕ್ಷೆ ಬೇಕು. ಇಲ್ಲಿಯೇ ನಮ್ಮವರ ತೊಡಕು. ತಂದೆ ಮುಂಬಯಿಯ ಹೋಟೆಲಿನಲ್ಲಿ, ತಾಯಿ ಕೂಸಿನೊಡನೆ ಕುಂದಾಪುರದಲ್ಲಿ. ಹಳೆಯ ಚೀಟಿಗಳು ಮುಂಬಯಿಯ ಟ್ರಂಕಿನಲ್ಲಿ. ಪ್ಲೇಟ್‌ಲೆಟ್ 1.5 ಲಕ್ಷದಿಂದ 4.5 ಲಕ್ಷದವರೆಗೆ ಇದ್ದರೆ ಸಹಜವೆನ್ನುತ್ತಾರೆ. ಇಂದಿನ ಲೆಕ್ಕ 1.6 ಲಕ್ಷವೆಂದು ಊರಿನ ವೈದ್ಯರು ನೆಮ್ಮದಿ ತಾಳಬಹುದು; ಕಳೆದ ತಿಂಗಳು ಅದು 4 ಲಕ್ಷವಿತ್ತೆಂದು ಅವರಿಗೆ ಹೇಳುವವರಾರು? ಔಷಧದ ಹೆಸರು, ಪ್ರಮಾಣ, ಪ್ರತಿ ಪರೀಕ್ಷೆಯ ತಾರೀಖು ಮತ್ತು ಅಂಕೆ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಕೂಸಿನೊಡನೆಯೇ ಕಳುಹಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಹೋಟೆಲ್ ಮಾಲಿಕರಲ್ಲಿಯೂ ನಮ್ಮದೊಂದು ಬಿನ್ನಹ. ಪರೀಕ್ಷೆಯ ದಿನ ತಂದೆಗೆ ಅರ್ಧ ದಿನದ ರಜೆಯನ್ನು ಸಂಬಳ ಹಿಡಿಯದೆ ಕೊಡಿರಿ. ವೈದ್ಯರು ಹೇಳಿದ್ದನ್ನು ಕೇಳಿಕೊಂಡು ಊರಿಗೆ ತಿಳಿಸಬೇಕಾದವನು ಅವನೇ.